ನಳಿಗೆಯ ಬಣ್ಣ: ಕಂದೋ, ಕಪ್ಪೋ, ಇದ್ದ ಹಾಗೆಯೋ?

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಪಶ್ಚಿಮಕ್ಕಿರುವ ಅರೇಹಳ್ಳಿ, ಬಿಕ್ಕೋಡು ಹೋಬಳಿಗಳ ತೋಟದ ಮನೆಗಳಲ್ಲಿ ಹಳೆಯ ಕೋವಿ ಅಪರೂಪದ ವಸ್ತುವಲ್ಲ. ಹಂದಿ ಕಾಟಕ್ಕೆಂದು ಅಜ್ಜನ ಕಾಲದಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಪಡೆದು ತಂದ ಜೋಡು ನಳಿಗೆ ಒಂದು ಮನೆಯಲ್ಲಿದ್ದರೆ, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಇನ್ನೊಂದರಲ್ಲಿ. ತೋಟ ಮಾರಿ ಊರಿಗೆ ಹೋದ ಬಿಳಿಯ ದೊರೆ ಬಿಟ್ಟುಹೋದದ್ದೆಂದು ಹೇಳಿಕೊಳ್ಳುವ ಬಂದೂಕು ಮತ್ತೊಂದರಲ್ಲಿ. ಹಳೇಬೀಡು ದಾಟಿ ಅರಸೀಕೆರೆಯ ತೆಂಗಿನ ಸೀಮೆಗೆ ಇಳಿದರೆ ಕೋವಿಗಳು ಕಡಿಮೆಯಾಗುತ್ತವೆ. ಆದರೂ ಹಳೆಯ ಪಟೇಲರ ಮನೆಗಳಲ್ಲಿ ಕೇಳಿದರೆ ಒಂದೆರಡು ಸಿಕ್ಕಾವು.

ಮಳೆಗಾಲ ಮುಗಿದು ಆಯುಧಪೂಜೆ ಹತ್ತಿರವಾದಾಗ ಇವು ಪೆಟ್ಟಿಗೆಯಿಂದ ಹೊರಬರುತ್ತವೆ. ನಳಿಗೆಯ ಮೇಲೆ ಅಲ್ಲಲ್ಲಿ ಕೆಂಪು ತುಕ್ಕು ಕಾಣುತ್ತದೆ. ಕಪ್ಪು ಮಾಡಿಸೋಣ, ಹೊಸದರ ಹಾಗಾಗುತ್ತದೆ ಎಂದು ಒಬ್ಬರು ಹೇಳುತ್ತಾರೆ. ಅಜ್ಜನ ಕೈ ಸವೆಸಿದ ಬಣ್ಣ ಅದು, ಎಣ್ಣೆ ಒರೆಸಿ ಇಡಿ ಸಾಕು ಎನ್ನುವುದು ಇನ್ನೊಬ್ಬರ ಮಾತು. ಕೋವಿ ರಿಪೇರಿಯವರು ಎರಡಕ್ಕೂ ತಯಾರು. ಬರೀ ಬಣ್ಣದ ವಿಚಾರಕ್ಕೆ ಇಷ್ಟು ಚರ್ಚೆಯೇ ಎಂದು ನಗಬಹುದು. ಆದರೆ ನಳಿಗೆಯನ್ನು ಒಮ್ಮೆ ಉಜ್ಜಿ ಬಣ್ಣ ಬದಲಿಸಿದ ಮೇಲೆ ಹಳೆಯದನ್ನು ಮತ್ತೆ ತರಲಾಗುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ಯಾರು ಏನು ಹೇಳುತ್ತಾರೆ, ಯಾವ ಆಧಾರದ ಮೇಲೆ ಹೇಳುತ್ತಾರೆ ಎಂಬುದನ್ನು ಕೆಲಸಕ್ಕೆ ಕೊಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ಬಣ್ಣವೂ ತುಕ್ಕೇ

ಕೋವಿ ನಳಿಗೆಯ ಕಂದು ಅಥವಾ ನೀಲಿಗಪ್ಪು ಬಣ್ಣ ಮೇಲೆ ಬಳಿದದ್ದಲ್ಲ. ಅದು ಕಬ್ಬಿಣದ ಮೈಯಿಂದಲೇ ಎದ್ದದ್ದು. ಕಬ್ಬಿಣ ಗಾಳಿ ಮತ್ತು ತೇವದ ಜೊತೆ ಸೇರಿದರೆ ಮೊದಲು ಕೆಂಪು ತುಕ್ಕು ಹುಟ್ಟುತ್ತದೆ. ತಾನಾಗಿ ಬೆಳೆಯಲು ಬಿಟ್ಟರೆ ಪುಡಿಪುಡಿಯಾಗಿ ಉದುರಿ ಒಳಗಿನ ಲೋಹವನ್ನು ತಿನ್ನುತ್ತಲೇ ಹೋಗುತ್ತದೆ. ಅದೇ ತುಕ್ಕನ್ನು ಹದವಾಗಿ ಬರಿಸಿ, ಸಡಿಲವಾದದ್ದನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು, ಮತ್ತೆ ಬರಿಸಿ, ಮತ್ತೆ ಉಜ್ಜಿದರೆ ಮೈಗೆ ಬಿಗಿಯಾಗಿ ಅಂಟಿದ ತೆಳು ಪದರ ಉಳಿಯುತ್ತದೆ. ಇದು ಕಂದು ಬಣ್ಣ. ಪ್ರತಿ ಸಲ ತುಕ್ಕು ಬಂದಾಗ ನಳಿಗೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ಆಕ್ಸೈಡ್ ಕಪ್ಪು ಆಕ್ಸೈಡಾಗಿ, ಅಂದರೆ ಮ್ಯಾಗ್ನೆಟೈಟಾಗಿ ಬದಲಾಗುತ್ತದೆ. ತುಕ್ಕು ಬರಿಸಿ, ಕುದಿಸಿ, ಉಜ್ಜುವ ಕ್ರಮವನ್ನು ಐದಾರು ಸಲವೋ ಇನ್ನೂ ಹೆಚ್ಚೋ ಮಾಡಿದರೆ ಆಳವಾದ ನೀಲಿಗಪ್ಪು ಬರುತ್ತದೆ. ಇದಕ್ಕೆ ತುಕ್ಕಿನ ಬ್ಲೂಯಿಂಗ್ ಎಂದು ಹೆಸರು. ಮುಗಿಸಲು ಹಲವು ದಿನ ಬೇಕು.

ಬಿಸಿ ಉಪ್ಪಿನ ಬ್ಲೂಯಿಂಗ್ ಇದರ ಅವಸರದ ತಮ್ಮ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟನ್ನು ನೀರಿನಲ್ಲಿ ಕರಗಿಸಿ, ಸುಮಾರು 140 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದ ತೊಟ್ಟಿಯಲ್ಲಿ ಉಕ್ಕನ್ನು ಮುಳುಗಿಸಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಕಪ್ಪಾಗುತ್ತದೆ. ಇಂದಿನ ಕಾರ್ಖಾನೆಯ ಬಂದೂಕುಗಳ ಕಪ್ಪು ಬಹುಪಾಲು ಇದೇ. ಇವಲ್ಲದೆ ಸಣ್ಣ ತಿರುಪುಗಳನ್ನು ಸುಮಾರು 300 ಡಿಗ್ರಿಗೆ ಕಾಯಿಸಿ ತರುವ ಹೊಳಪಿನ ನೀಲಿ ಇದೆ. ಎಲುಬಿನ ಇದ್ದಿಲಲ್ಲಿ ಹೂತು ಕಾಯಿಸಿ ನೀರಿಗೆ ಹಾಕಿದಾಗ ಪಕ್ಕದ ತಗಡುಗಳ ಮೇಲೆ ಮೂಡುವ ಬಗೆಬಗೆ ಬಣ್ಣಗಳಿವೆ. ಫಾಸ್ಫೇಟಿನ ಮಂಕು ಬೂದು, ನಿಕಲ್ ಲೇಪ, ಬಾಟಲಿಯಿಂದ ಬಟ್ಟೆಗೆ ಹಾಕಿ ಒರೆಸುವ ತಣ್ಣನೆಯ ಬ್ಲೂ ಕೂಡ ಪಟ್ಟಿಯಲ್ಲಿವೆ. ಕೊನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೀರು ಮುಚ್ಚಲು ಸಾಕು, ಬೇಗ ಸವೆಯುತ್ತದೆ, ಇಡೀ ನಳಿಗೆಗೆ ಹಚ್ಚಿದರೆ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ.

ಬೆಳ್ಳಗಿನಿಂದ ಕಪ್ಪಿಗೆ

ಮೈಸೂರು ಸೀಮೆಯ ಕಬ್ಬಿಣ, ಉಕ್ಕಿನ ಹೆಸರು ಹಳೆಯದು. 1800ರಲ್ಲಿ ಈ ಭಾಗವನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಕಡೆಯ ಕುಲುಮೆಗಳಲ್ಲಿ ಕಬ್ಬಿಣ ಕರಗಿಸುವುದನ್ನೂ ಮೂಸೆಯಲ್ಲಿ ಉಕ್ಕು ಮಾಡುವುದನ್ನೂ ವಿವರವಾಗಿ ಬರೆದಿಟ್ಟ. ಅದಕ್ಕೆ ಒಂದು ವರ್ಷ ಮೊದಲು, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು, ಟಿಪ್ಪುವಿನ ಕಾರ್ಖಾನೆಯಲ್ಲಿ ತಯಾರಾದ ಬಂದೂಕುಗಳು ಲೂಟಿಯಾಗಿ ಇಂಗ್ಲೆಂಡಿನ ಮನೆಗಳನ್ನೂ ಮ್ಯೂಸಿಯಮ್ಮುಗಳನ್ನೂ ಸೇರಿದವು. ಹುಲಿಪಟ್ಟೆಯ ಅಲಂಕಾರ, ಚಿನ್ನ ಬೆಳ್ಳಿ ಕೂರಿಸಿದ ನಳಿಗೆ ಅವುಗಳ ಗುರುತು.

ಒಳ್ಳೆಯ ಭಾರತೀಯ ನಳಿಗೆಗಳಲ್ಲಿ ಕೆಲಸಗಾರ ಬಯಸುತ್ತಿದ್ದುದು ಕಪ್ಪನ್ನಲ್ಲ, ಲೋಹದ ಒಳಗಿನ ವಿನ್ಯಾಸ ಕಾಣುವುದನ್ನು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಕೋಲಿಗೆ ಸುತ್ತಿ, ಬೆಸುಗೆ ಹೊಡೆದು ಮಾಡಿದ ನಳಿಗೆಯನ್ನು ನುಣ್ಣಗೆ ಉಜ್ಜಿ ಅನ್ನಭೇದಿಯಂಥ ದ್ರಾವಣ ಹಚ್ಚಿದರೆ ಒಂದು ಲೋಹ ಗಾಢವಾಗುತ್ತದೆ, ಇನ್ನೊಂದು ಬೆಳ್ಳಗೆ ಉಳಿಯುತ್ತದೆ. ನೀರಿನ ಅಲೆಯಂಥ ಗೆರೆಗಳು ಏಳುತ್ತವೆ. ಯುರೋಪಿನವರು ಇದೇ ಬಗೆಯ ನಳಿಗೆಗಳನ್ನು ಡಮಾಸ್ಕಸ್ ಎಂದು ಕರೆದರು. 19ನೆಯ ಶತಮಾನದಲ್ಲಿ ಬೆಲ್ಜಿಯಮ್ಮಿನ ಲಿಯೇಜ್ ಸುತ್ತಮುತ್ತ ಅವುಗಳ ದೊಡ್ಡ ಉದ್ಯಮವೇ ಬೆಳೆಯಿತು. ಇಂಗ್ಲಿಷ್ ಹೆಸರು ಕೆತ್ತಿದ ಎಷ್ಟೋ ಕೋವಿಗಳ ನಳಿಗೆ ಹುಟ್ಟಿದ್ದು ಅಲ್ಲಿ. ಈ ಗೆರೆಗಳನ್ನು ತೋರಿಸಲು ಕಂದು ಬಣ್ಣವೇ ತಕ್ಕದ್ದು.

ಬ್ರಿಟಿಷ್ ಸೈನ್ಯದ ಕತೆ ಬೇರೆ. 18ನೆಯ ಶತಮಾನದ ಉದ್ದಕ್ಕೂ ಸಿಪಾಯಿಗಳ ಬಂದೂಕಿನ ನಳಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ಉಜ್ಜಿ ಉಜ್ಜಿ ಫಳಫಳ ಇಡುವುದು ಸಿಪಾಯಿಯ ದಿನಚರಿ. ಆ ಉಜ್ಜುವಿಕೆಯೇ ನಳಿಗೆಯನ್ನು ತೆಳುವಾಗಿಸುತ್ತದೆ, ಹೊಳಪು ದೂರದಿಂದಲೇ ಇರುವಿಕೆಯನ್ನು ಬಿಟ್ಟುಕೊಡುತ್ತದೆ ಎಂದು ಅರಿವಾಗಿ 19ನೆಯ ಶತಮಾನದ ಆರಂಭದಲ್ಲಿ ಕಂದು ಬಣ್ಣ ರೂಢಿಗೆ ಬಂತು. ಆ ಶತಮಾನದ ಕೊನೆಯ ಹೊತ್ತಿಗೆ ಒಂದೇ ಬಗೆಯ ಅಚ್ಚು ಉಕ್ಕಿನ ನಳಿಗೆಗಳು ಬಂದವು. ತೋರಿಸಲು ಗೆರೆಯಿಲ್ಲದ್ದರಿಂದ ನೀಲಿಗಪ್ಪು ಮೇಲಾಯಿತು. 1906ರಲ್ಲಿ ಬರ್ಮಿಂಗ್‌ಹ್ಯಾಮಿನ ಥಾಮಸ್ ವಾಟ್ಸ್ ಕಾಸ್ಲೆಟ್ ಫಾಸ್ಫೇಟ್ ಲೇಪಕ್ಕೆ ಪೇಟೆಂಟ್ ಪಡೆದ. ಅದು ಮುಂದೆ ಸೈನ್ಯದ ಬಂದೂಕುಗಳ ಬಣ್ಣವಾಯಿತು. ಬಿಸಿ ಉಪ್ಪಿನ ತೊಟ್ಟಿ 1930ರ ದಶಕದಿಂದ ಈಚೆಗೆ ಕಾರ್ಖಾನೆಗಳನ್ನು ಹಿಡಿಯಿತು. ಅದೇ ಹೊತ್ತಿಗೆ, 1936ರಲ್ಲಿ, ಆರ್. ಎಚ್. ಆಂಜಿಯರ್ ಹಳೆಯ ಕಂದು ಮತ್ತು ನೀಲಿ ದ್ರಾವಣಗಳ ಪಾಕಗಳನ್ನೆಲ್ಲ ಒಟ್ಟುಮಾಡಿ ಪುಸ್ತಕ ತಂದ. ಕೈಕೆಲಸ ಹಿಂದೆ ಸರಿಯುವ ಹೊತ್ತಿಗೇ ಅದರ ಪುಸ್ತಕ ಬಂದದ್ದು.

ಇಷ್ಟನ್ನು ಹೇಳಲು ಕಾರಣವಿದೆ. ನಮ್ಮ ಮನೆಗಳ ಕೋವಿಗಳು ಈ ಎಲ್ಲ ಕಾಲಗಳವೂ ಆಗಿರುತ್ತವೆ. ಎಲ್ಲಕ್ಕೂ ಒಂದೇ ಕಪ್ಪು ಬಳಿದರೆ ಯಾವುದು ಯಾವ ಕಾಲದ್ದೆಂದು ಹೇಳುವ ಗುರುತುಗಳಲ್ಲಿ ದೊಡ್ಡದೊಂದು ಹೋಗುತ್ತದೆ.

ಹುಟ್ಟಿದ ದಿನದ ಬಣ್ಣ ಬೇಕೆನ್ನುವವರು

ಮೊದಲ ಪಂಥ ಹೇಳುವುದು ಇಷ್ಟು: ಕೋವಿ ಕಾರ್ಖಾನೆಯಿಂದ ಹೊರಟ ದಿನ ಯಾವ ಬಣ್ಣವಿತ್ತೋ ಅದನ್ನೇ, ಅದೇ ಕ್ರಮದಿಂದ ಮತ್ತೆ ತನ್ನಿ. ಡಮಾಸ್ಕಸ್ಸಿಗೆ ಕಂದು ಬಣ್ಣ ಕೊಡಿ, ಹಳೆಯ ಜೋಡು ನಳಿಗೆಗೆ ತುಕ್ಕಿನ ಬ್ಲೂಯಿಂಗ್ ಮಾಡಿ, ಪಕ್ಕದ ತಗಡುಗಳಿಗೆ ಇದ್ದಿಲಿನ ಬಣ್ಣ ತನ್ನಿ. ಬ್ರಿಟನ್ನಿನ ಹಳೆಯ ಬಂದೂಕು ಮನೆಗಳಲ್ಲಿ ಈ ಪಂಥ ಇನ್ನೂ ಬಲವಾಗಿದೆ.

ಈ ಪಂಥದ ನಿಜವಾದ ಬಲವಿರುವುದು ಅಂದದ ವಾದದಲ್ಲಲ್ಲ, ಬೆಸುಗೆಯ ವಾದದಲ್ಲಿ ಎಂದು ನನಗೆ ಅನ್ನಿಸುತ್ತದೆ. ಜೋಡು ನಳಿಗೆಯ ಎರಡು ಕೊಳವೆಗಳ ನಡುವೆ ಮೇಲೊಂದು ಕೆಳಗೊಂದು ಪಟ್ಟಿ ಇರುತ್ತದೆ. ಹಳೆಯ ಕೋವಿಗಳಲ್ಲಿ ಅವನ್ನು ಹಿಡಿದಿರುವುದು ತವರ ಸೀಸದ ಮೆದು ಬೆಸುಗೆ. ಬಿಸಿ ಉಪ್ಪಿನ ತೊಟ್ಟಿಯ ಕಾವು ಆ ಬೆಸುಗೆಯನ್ನು ಕರಗಿಸುವಷ್ಟಿಲ್ಲ. ಆದರೆ ಕಾಸ್ಟಿಕ್ ತವರ ಸೀಸಗಳನ್ನು ತಿನ್ನುತ್ತದೆ. ಪಟ್ಟಿಗಳ ಕೆಳಗಿನ ಪೊಳ್ಳಿಗೆ ಉಪ್ಪಿನ ನೀರು ನುಗ್ಗಿ ಕೂತರೆ ತೊಳೆದು ತೆಗೆಯಲು ದಾರಿಯಿಲ್ಲ. ಅಂಗಡಿಯಿಂದ ಬಂದ ದಿನ ಕನ್ನಡಿಯಂತಿದ್ದ ಕೋವಿ, ಒಂದೆರಡು ಮಳೆಗಾಲದ ನಂತರ ಪಟ್ಟಿಯ ಅಂಚಿನಲ್ಲಿ ಬಿಳಿ ಪುಡಿ ಉಗುಳತೊಡಗುತ್ತದೆ. ಒಳಗೆ ಕಾಣದ ಕಡೆ ತುಕ್ಕು ಬೆಳೆಯುತ್ತಿರುತ್ತದೆ. ಹಾಗಾಗಿ ಮೆದು ಬೆಸುಗೆಯ ಜೋಡು ನಳಿಗೆಗೆ ಬಿಸಿ ಉಪ್ಪು ಕೂಡದು ಎಂಬ ಮಾತು ರುಚಿಯ ವಿಷಯವಲ್ಲ. ಈ ಇಡೀ ಚರ್ಚೆಯಲ್ಲಿ ಎದುರುವಾದವಿಲ್ಲದೆ ಒಪ್ಪಬಹುದಾದ ಕೆಲವೇ ಮಾತುಗಳಲ್ಲಿ ಇದೊಂದು. ಕಬ್ಬಿಣ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಕಪ್ಪು ಮಾಡುವ ನಮ್ಮ ಕಮ್ಮಾರರ ವಿದ್ಯೆ ಕತ್ತಿ ಗುದ್ದಲಿಗೆ ಚೆನ್ನ. ಜೋಡು ನಳಿಗೆಗೆ ಅದೂ ಕೂಡದು. ಅಷ್ಟು ಕಾವಿಗೆ ಬೆಸುಗೆಯೇ ಬಿಡುತ್ತದೆ.

ಪಂಥದ ದುರ್ಬಲ ಜಾಗ ಬೇರೆ ಕಡೆ ಇದೆ. ಹೊಸ ಬಣ್ಣ ಸಮನಾಗಿ ಹಿಡಿಯಬೇಕಾದರೆ ಹಳೆಯದನ್ನು ಪೂರ್ತಿ ತೆಗೆಯಬೇಕು, ತುಕ್ಕು ತಿಂದ ಗುಳಿಗಳನ್ನು ಉಜ್ಜಿ ಸಮ ಮಾಡಬೇಕು. ಗುಳಿ ಎಷ್ಟು ಆಳವೋ ಸುತ್ತಲ ಲೋಹ ಅಷ್ಟೂ ಹೋಗಬೇಕು. ಸ್ಪೋರ್ಟಿಂಗ್ ಕೋವಿಯ ನಳಿಗೆ ಬಾಯಿಯ ಕಡೆಗೆ ಒಂದು ಮಿಲಿಮೀಟರಿಗಿಂತ ತೆಳು ಇರುವುದುಂಟು. ಬಫ್ ಚಕ್ರಕ್ಕೆ ಹಿಡಿದರೆ ಅಂಚುಗಳು ದುಂಡಾಗುತ್ತವೆ, ಕೆತ್ತನೆ ಮಾಸುತ್ತದೆ, ಬರ್ಮಿಂಗ್‌ಹ್ಯಾಮಿನ ಅಥವಾ ಲಿಯೇಜಿನ ಪರೀಕ್ಷಾ ಮುದ್ರೆ ಅರ್ಧ ಅಳಿಸುತ್ತದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆ 1813ರಿಂದ ಹೊಡೆಯುತ್ತ ಬಂದ ಆ ಮುದ್ರೆಗಳೇ ನಳಿಗೆ ಯಾವ ಕಾಲದ್ದು, ಯಾವ ಮದ್ದಿಗೆ ತಾಳುವಂಥದ್ದು ಎಂದು ಹೇಳುವುದು. ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ಡಮಾಸ್ಕಸ್ ನಳಿಗೆಗೆ ಕಪ್ಪು ಬಳಿಸಿ, ಗೆರೆ ಮುಚ್ಚಿ, ಮುದ್ರೆ ಅಳಿಸಿ ಮೊಮ್ಮಗನ ಕೈಗೆ ಕೊಟ್ಟರೆ ಅವನು ಇಂದಿನ ತೋಟಾ ತುಂಬಿಬಿಡಬಹುದು. ಬಣ್ಣದ ಪ್ರಶ್ನೆ ಜೀವದ ಪ್ರಶ್ನೆಯಾಗುವುದು ಇಂಥಲ್ಲಿ.

ಮುಟ್ಟಬೇಡಿ ಎನ್ನುವವರು

ಎರಡನೆಯ ಪಂಥ ಮ್ಯೂಸಿಯಮ್ಮಿನವರದು. ಸವೆದ ಬಣ್ಣವೂ ದಾಖಲೆಯೇ ಎಂದು ಇವರು ಹೇಳುತ್ತಾರೆ. ಕೈ ಹಿಡಿದ ಕಡೆ ಬೆಳ್ಳಗಾದದ್ದು, ಪಟ್ಟಿ ತಗುಲಿದ ಕಡೆ ಗೆರೆ ಬಿದ್ದದ್ದು, ತಗಡಿನ ಸಂದಿಯಲ್ಲಿ ಮಾತ್ರ ಮೂಲ ಬಣ್ಣ ಉಳಿದದ್ದು ಇವೆಲ್ಲ ಕೋವಿ ಬದುಕಿದ ರೀತಿಯನ್ನು ಹೇಳುತ್ತವೆ. ಕೆಂಪು ತುಕ್ಕನ್ನು ತಡೆಯಿರಿ, ಗಟ್ಟಿಯಾಗಿ ಕೂತ ಕಂದನ್ನು ಬಿಡಿ. ಎಣ್ಣೆ ಹಾಕಿ ಮೆದುವಾಗಿ ತುಕ್ಕು ಎಬ್ಬಿಸಿ, ಮೇಲೆ ತೆಳುವಾಗಿ ಮೇಣ ಹಚ್ಚಿ. 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೂಪುಗೊಂಡ ಮೈಕ್ರೋಕ್ರಿಸ್ಟಲೈನ್ ಮೇಣ ಇಂದಿಗೂ ಈ ಕೆಲಸಕ್ಕೆ ಹೆಸರಾದದ್ದು. ಬೇಡವೆಂದಾಗ ಕರಗಿಸಿ ತೆಗೆಯಬಹುದು ಎಂಬುದೇ ಅದರ ದೊಡ್ಡ ಗುಣ.

ಇವರ ಬಳಿ ಇನ್ನೊಂದು ಉಪಾಯವೂ ಇದೆ, ಟ್ಯಾನಿನ್. ತುಕ್ಕಿನ ಮೇಲೆ ಟ್ಯಾನಿಕ್ ಆಮ್ಲ ಹಚ್ಚಿದರೆ ಅದು ಕರಿಯ, ತಕ್ಕಮಟ್ಟಿಗೆ ಗಟ್ಟಿಯಾದ ಪದರವಾಗುತ್ತದೆ. ನಮಗೆ ಇದು ಹೊಸ ರಸಾಯನವಲ್ಲ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಸೇರಿಸಿ ಹಿಂದಿನವರು ಮಾಡುತ್ತಿದ್ದ ಬರೆಯುವ ಮಸಿಯೂ ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಆದದ್ದೇ. ಆದರೆ ಮಣ್ಣಿನಿಂದ ತೆಗೆದ ಕಬ್ಬಿಣಕ್ಕೆ ಇದು ಎಷ್ಟು ಹಿತವೋ ನಯವಾದ ನಳಿಗೆಗೆ ಅಷ್ಟಲ್ಲ, ಮಸಿ ಬಳಿದಂತೆ ಕಾಣುತ್ತದೆ. ಮಣ್ಣಿನಿಂದ ತೆಗೆದ ಕಬ್ಬಿಣಕ್ಕೆ ನಮ್ಮ ಹತ್ತಿರದಲ್ಲೇ ದೊಡ್ಡ ಉದಾಹರಣೆ ಇದೆ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್‌ಗಳು ಹೊರಬಂದವು. ಎರಡು ಶತಮಾನ ಕೆಸರಲ್ಲಿದ್ದ ಆ ಕೊಳವೆಗಳಿಗೆ ಬ್ಲೂಯಿಂಗ್ ಮಾಡಿಸಿ ಎಂದು ಯಾರೂ ಹೇಳಲಾರರು. ಅಲ್ಲಿ ಮುಟ್ಟಬೇಡಿ ಪಂಥದ ಮಾತೇ ಸರಿ. ಹಾಗಾದರೆ ಅದು ಎಲ್ಲಿಯವರೆಗೆ ಸರಿ?

ಈ ಪ್ರಶ್ನೆಯನ್ನು ನಮ್ಮ ಕಲ್ಲುಗಳೂ ಕೇಳುತ್ತವೆ. 1923ರಲ್ಲಿ ಬಂದ ಜಾನ್ ಮಾರ್ಷಲ್‌ನ ಸಂರಕ್ಷಣಾ ಕೈಪಿಡಿ, ಇದ್ದುದನ್ನು ಉಳಿಸಿ, ಹೋದದ್ದನ್ನು ಹೊಸದಾಗಿ ಮಾಡಲು ಹೋಗಬೇಡಿ ಎಂಬ ದಾರಿ ಹಾಕಿತು. ಪುರಾತತ್ವ ಇಲಾಖೆ ಬಹುಮಟ್ಟಿಗೆ ಇಂದಿಗೂ ಆ ದಾರಿಯಲ್ಲೇ ಇದೆ. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಶಿಖರವಿಲ್ಲ, ಯಾರೂ ಕಟ್ಟಿಸುವುದಿಲ್ಲ. ಬೇಲೂರಿನಲ್ಲಿ ಮಾತ್ರ ದೊಡ್ಡ ಗೋಪುರ ಸುಟ್ಟುಹೋದಾಗ ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ, 1397ರಲ್ಲಿ, ಮತ್ತೆ ಎದ್ದಿತು. ಏಕೆಂದರೆ ಅಲ್ಲಿ ಪೂಜೆ ನಿಲ್ಲಬಾರದಿತ್ತು. ಇನ್ನೂ ಬಳಕೆಯಲ್ಲಿರುವ ಕಟ್ಟಡಕ್ಕೆ ಬೇರೆ ನ್ಯಾಯ ಬೇಕಾಗುತ್ತದೆಂದು ಮಾರ್ಷಲ್ಲನೂ ಒಪ್ಪಿದ್ದ. ಇಂಟ್ಯಾಕ್ ಸಂಸ್ಥೆ 2004ರ ತನ್ನ ಸನ್ನದಿನಲ್ಲಿ ಆ ಮಾತನ್ನು ಇನ್ನೂ ಮುಂದೆ ಒಯ್ದು, ಕಟ್ಟುವ ವಿದ್ಯೆ ಬದುಕಿರುವ ಕಡೆ ಆ ವಿದ್ಯೆಯನ್ನೂ ಉಳಿಸಬೇಕು ಎಂದಿತು. ಬಿಕ್ಕೋಡಿನ ತೋಟದ ಮನೆಯ ಕೋವಿ ಹಳೇಬೀಡಿನ ಸಾಲಿನದೋ ಬೇಲೂರಿನ ಸಾಲಿನದೋ? ಬಳಕೆಯಲ್ಲಿದ್ದರೆ ಬೇಲೂರಿನದು ಎನ್ನುತ್ತೇನೆ. ಬಳಕೆ ಎಂದರೆ ಏನು ಎಂಬುದು ಮುಂದಿನ ತೊಡಕು.

ಮಳೆ ಎದುರಿಸಬೇಕಾದವರು

ಮೂರನೆಯ ಗುಂಪಿಗೆ ಪಂಥ ಎನ್ನುವಷ್ಟು ಸಿದ್ಧಾಂತವಿಲ್ಲ, ಅನುಭವವಿದೆ. ತುಕ್ಕು ಹಿಡಿಯಬಾರದು, ಉಳಿದದ್ದೆಲ್ಲ ಆಮೇಲೆ. ಗಾಳಿಯ ತೇವ ಸುಮಾರು ಶೇ. 60 ದಾಟಿದರೆ ಕಬ್ಬಿಣದ ತುಕ್ಕು ಚುರುಕಾಗುತ್ತದೆ ಎಂಬುದು ಸಂರಕ್ಷಕರ ಲೆಕ್ಕ. ಅರಸೀಕೆರೆಯಲ್ಲಿ ವರ್ಷದ ಹಲವು ತಿಂಗಳು ಗಾಳಿ ಒಣಗಿರುತ್ತದೆ, ಮೇಣ ಒರೆಸಿಟ್ಟ ನಳಿಗೆ ಅಲ್ಲಿ ಸುಖವಾಗಿರಬಹುದು. ಅರೇಹಳ್ಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಒರಗಿಸಿಟ್ಟ ಚಪ್ಪಲಿಗೂ ಬೂಸಲು ಬರುತ್ತದೆ. ಒಂದೇ ಜಿಲ್ಲೆ, ಕೆಲವೇ ಗಂಟೆಗಳ ದಾರಿ. ಲಂಡನ್ನಿನ ಮ್ಯೂಸಿಯಮ್ಮಿನ ಸಲಹೆ ಒಂದು ಕಡೆ ಹೊಂದಿ ಇನ್ನೊಂದು ಕಡೆ ಹೊಂದದೆ ಹೋಗುತ್ತದೆ.

ಆದರೆ ಇವರೂ ಒಂದು ತಪ್ಪು ತಿಳಿವಳಿಕೆಯ ಮೇಲೆ ನಿಂತಿದ್ದಾರೆ. ಬ್ಲೂಯಿಂಗ್ ಮಾಡಿಸಿದರೆ ತುಕ್ಕು ಬರುವುದಿಲ್ಲ ಎಂಬುದು ನಿಜವಲ್ಲ. ಕಪ್ಪು ಆಕ್ಸೈಡಿನ ಪದರ ಬಹಳ ತೆಳು, ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅದರ ಕೆಲಸ ಎಣ್ಣೆಯನ್ನು ಹಿಡಿದಿಡುವುದು, ಕಾಯುವುದು ಎಣ್ಣೆ. ಈ ಲೆಕ್ಕದಲ್ಲಿ ತುಕ್ಕಿನ ಬ್ಲೂಯಿಂಗಿನ ಸ್ವಲ್ಪ ಒರಟಾದ ಪದರ ತೊಟ್ಟಿಯ ನಯವಾದ ಕಪ್ಪಿಗಿಂತ ಎಣ್ಣೆ ಹಿಡಿಯುವುದರಲ್ಲಿ ಮೇಲು. ಫಾಸ್ಫೇಟ್ ಇನ್ನೂ ಹೆಚ್ಚು ಹಿಡಿಯುತ್ತದೆ. ಮಳೆಯಲ್ಲಿ ತಿರುಗಬೇಕಾದ ಸೈನ್ಯ ಅದನ್ನು ಆರಿಸಿದ್ದು ಇದಕ್ಕೇ. ಅಜ್ಜನ ಕೋವಿಗೆ ಫಾಸ್ಫೇಟಿನ ಮಂಕು ಬೂದು ಹಾಕಿಸುವವರಿಗೆ ನನ್ನದೇನೂ ತಕರಾರಿಲ್ಲ, ಆದರೆ ಅದನ್ನು ಜೀರ್ಣೋದ್ಧಾರ ಎಂದು ಕರೆಯಬಾರದು.

ಎಣ್ಣೆಯ ಮಾತು ಬಂದಾಗ ಅರಸೀಕೆರೆಯ ಕೊಬ್ಬರಿ ನೆನಪಾಗದೆ ಇರದು. ಮನೆಯಲ್ಲಿ ಇರುವ ಎಣ್ಣೆ ಕೊಬ್ಬರಿ ಎಣ್ಣೆ, ನಳಿಗೆಗೂ ಅದನ್ನೇ ಹಚ್ಚುವವರಿದ್ದಾರೆ. ಇದು ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ಬೇಲೂರಿನ ಡಿಸೆಂಬರ್ ಬೆಳಗ್ಗೆ ಕೋವಿಯ ಒಳಗಿನ ಯಂತ್ರ ಮೆತ್ತಿಕೊಂಡು ನಿಲ್ಲಲು ಇಷ್ಟು ಸಾಕು. ಮೇಲಾಗಿ ಹಳತಾದ ಎಣ್ಣೆಯಲ್ಲಿ ಹುಟ್ಟುವ ಆಮ್ಲ ಹಿತ್ತಾಳೆಯ ಭಾಗಗಳ ಮೇಲೆ ಹಸಿರು ಬರಿಸುತ್ತದೆ. ಒಳಗಿನ ತುಕ್ಕಿಗೆ ಮಾತ್ರ ಎಣ್ಣೆಯಲ್ಲ, ಮೊದಲು ನೀರು ಬೇಕು. ಹಳೆಯ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಈಡು ಹೊಡೆದ ಮೇಲೆ ಅದು ಉಪ್ಪಿನಂಥ ಕ್ಲೋರೈಡಾಗಿ ಉಳಿದು ತೇವ ಎಳೆಯುತ್ತದೆ. ಆ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಹಳೆಯ ಬೇಟೆಗಾರರು ನಳಿಗೆಗೆ ಕುದಿನೀರು ಸುರಿದು, ಒರೆಸಿ, ಆಮೇಲೆ ಎಣ್ಣೆ ಹಾಕುತ್ತಿದ್ದುದು ಸರಿಯಾದ ರಸಾಯನಶಾಸ್ತ್ರ.

ಮಲೆನಾಡಿನ ಲೈಸೆನ್ಸುದಾರರಿಗೆ ಇನ್ನೊಂದು ತಲೆನೋವಿದೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಠೇವಣಿ ಇಡಬೇಕಾಗುತ್ತದೆ. ವಾರಗಟ್ಟಲೆ ಯಾರೂ ಒರೆಸದ ಜಾಗದಲ್ಲಿ ಕೂರುವ ಕೋವಿಗೆ ಯಾವ ಬಣ್ಣ ಒಳ್ಳೆಯದು ಎಂಬ ಪ್ರಶ್ನೆಯನ್ನು ಯಾವ ವಿದೇಶಿ ಕೈಪಿಡಿಯೂ ಕೇಳಿಕೊಂಡಿಲ್ಲ. ನನ್ನ ಮಟ್ಟಿಗೆ ಉತ್ತರ ಬಣ್ಣದಲ್ಲಿಲ್ಲ, ಒಪ್ಪಿಸುವ ಹಿಂದಿನ ದಿನ ದಪ್ಪಗೆ ಹಚ್ಚುವ ಗ್ರೀಸಿನಲ್ಲಿದೆ.

ಪೂಜೆಯ ಕೋವಿ, ಕಾನೂನಿನ ಕೋವಿ

ಬಳಕೆ ಎಂದರೆ ಗುಂಡು ಹಾರಿಸುವುದು ಮಾತ್ರವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯ ಕಾಲ ಮುಗಿಯಿತು. ಬೇಟೆಯ ಕತೆಗಳನ್ನು ಬರೆದ ಕೆನೆತ್ ಆ್ಯಂಡರ್ಸನ್ನನ .405 ವಿಂಚೆಸ್ಟರ್ ಈಗ ಓದುಗರ ನೆನಪಿನಲ್ಲಷ್ಟೇ ಇದೆ. ಮೂಡಿಗೆರೆಯಲ್ಲಿ ಕೂತು ತೇಜಸ್ವಿ ಆ ಕತೆಗಳನ್ನು ಕನ್ನಡಕ್ಕೆ ತಂದಿದ್ದು ಆ ನೆನಪನ್ನು ನಮ್ಮದಾಗಿಸಿತು. ಕೋವಿ ಮಾತ್ರ ಆಯುಧಪೂಜೆಗೆ ಹೊರಬರುವುದನ್ನು ಬಿಟ್ಟಿಲ್ಲ. ಕೊಡಗಿನಲ್ಲಂತೂ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಸಾಲಾಗಿ ಇಟ್ಟು ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಸನದ ಕೋವಿಗೆ ಆ ಭಾಗ್ಯವಿಲ್ಲ.

ಪೂಜೆಗೆ ಹೊಳೆಯುವ ಕೋವಿ ಬೇಕು ಎನ್ನುವುದು ನಾಲ್ಕನೆಯ ದನಿ. ಇದರಿಂದಲೇ ನಿಕಲ್ ಲೇಪದ ಆಸೆ, ಎಮರಿ ಕಾಗದ ಹಿಡಿದು ಬೆಳ್ಳಗೆ ಮಾಡುವ ಚಟ. ಮ್ಯೂಸಿಯಮ್ಮಿನವರು ಇದನ್ನು ಅಜ್ಞಾನ ಎಂದು ತಳ್ಳಿಹಾಕುತ್ತಾರೆ. ನಾನು ಅಷ್ಟು ಸುಲಭವಾಗಿ ತಳ್ಳಲಾರೆ. ಮೂರು ತಲೆಮಾರು ವರ್ಷಕ್ಕೊಮ್ಮೆ ಉಜ್ಜಿ ಬೆಳಗಿಸಿದ ನಳಿಗೆಗೆ ಈಗ ಆ ಬೆಳ್ಳಗಿನ ಮೈಯೇ ಚರಿತ್ರೆ. ಬೇಕಾದದ್ದು ಎಚ್ಚರ. ಅರಿಶಿನ ಕುಂಕುಮದ ಒದ್ದೆ ಬೊಟ್ಟು, ಹಸಿ ಹೂವಿನ ಹಾರ ರಾತ್ರಿಯಿಡೀ ಇದ್ದರೆ ಅದರ ಕೆಳಗೆ ತುಕ್ಕಿನ ಚುಕ್ಕೆ ಏಳುತ್ತದೆ, ಬಣ್ಣ ಯಾವುದೇ ಇರಲಿ. ಬೊಟ್ಟನ್ನು ಮರದ ಹಿಡಿಗೆ ಇಟ್ಟರೆ ದೇವರೇನೂ ಮುನಿಯುವುದಿಲ್ಲ.

ಕಾನೂನಿನ ಮಾತನ್ನು ಬಣ್ಣದ ಚರ್ಚೆಯಲ್ಲಿ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ, ಎತ್ತಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನಂತೆ ಕೋವಿ ರಿಪೇರಿಯ ಕಸುಬಿಗೂ ಪರವಾನಗಿ ಬೇಕು. ನೆರೆಯ ಗ್ಯಾರೇಜಿನಲ್ಲಿ ಬಫ್ ಹಿಡಿಸುವುದು ಜಾಣತನವಲ್ಲ. 8ನೆಯ ಕಲಮು ಇನ್ನೂ ನೇರ: ಕೋವಿಯ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು ಅಪರಾಧ. ಅಳಿಸಿದ ಕೋವಿ ನಿಮ್ಮ ಕೈಯಲ್ಲಿದ್ದರೆ, ಅಲ್ಲವೆಂದು ನೀವು ತೋರಿಸುವವರೆಗೆ ಅಳಿಸಿದವರು ನೀವೇ ಎಂದು ಕಾನೂನು ಊಹಿಸಿಕೊಳ್ಳುತ್ತದೆ. ಬಫ್ ಚಕ್ರಕ್ಕೆ ಈ ಕಲಮು ಗೊತ್ತಿಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಬರೆದ ಸಂಖ್ಯೆಯೂ ನಳಿಗೆಯ ಮೇಲಿನ ಸಂಖ್ಯೆಯೂ ಒಂದೇ ಎಂದು ನವೀಕರಣದ ಹೊತ್ತಿಗೆ ತೋರಿಸಲಾಗದಿದ್ದರೆ ಹೊಸ ಹೊಳಪಿನಿಂದ ಏನು ಪ್ರಯೋಜನ? 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ ಮೇಲಂತೂ ಹಲವು ಮನೆಗಳಲ್ಲಿ ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಒಪ್ಪಿಸುವುದು ಎಂಬ ಪ್ರಶ್ನೆ ಬಣ್ಣದ ಪ್ರಶ್ನೆಗಿಂತ ಮೊದಲು ಬಂತು.

ಅದೇ ಕಾಯಿದೆಯ 45ನೆಯ ಕಲಮು, ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದ ಹಳೆಯ ಆಯುಧಗಳನ್ನು ಹೊರಗಿಡುತ್ತದೆ. ಇಲ್ಲೊಂದು ಇಕ್ಕಟ್ಟಿದೆ. ಜೀರ್ಣೋದ್ಧಾರ ಮಾಡಿದರೆ ಮತ್ತೆ ಹಾರಿಸುವಂಥದ್ದಾಗುವ ಕೋವಿಗೆ, ಹಾಗೆಯೇ ಬಿಟ್ಟರೂ, ಈ ವಿನಾಯಿತಿ ಇಲ್ಲ. ಯಾವ ರಿಪೇರಿಗೂ ಬಗ್ಗದ್ದು ಮಾತ್ರ ಗೋಡೆಯ ಮೇಲೆ ನೆಮ್ಮದಿಯಾಗಿರುತ್ತದೆ.

ಇನ್ನೂ ತೀರದ್ದು

ಒಪ್ಪಿಗೆಯಾದ ಮಾತುಗಳು ಕೆಲವಿವೆ: ಮೆದು ಬೆಸುಗೆಯ ಜೋಡು ನಳಿಗೆಗೆ ಬಿಸಿ ಉಪ್ಪು ಬೇಡ, ಡಮಾಸ್ಕಸ್ ಗೆರೆ ಮುಚ್ಚಬೇಡಿ, ಮುದ್ರೆ ಮತ್ತು ಸಂಖ್ಯೆ ಇರುವ ಜಾಗಕ್ಕೆ ಬಫ್ ತಾಗಿಸಬೇಡಿ. ಇವುಗಳಾಚೆ ನೆಲ ಮೆತ್ತಗೇ ಇದೆ.

ಒಂದು, ಮುಂಚೆಯೇ ಯಾರೋ ತಪ್ಪಾಗಿ ಕಪ್ಪು ಬಳಿಸಿದ ಕೋವಿಯ ಗತಿ. ಐವತ್ತು ವರ್ಷದ ಹಿಂದೆ ಅಪ್ಪ ಮಾಡಿಸಿದ ಆ ಕಪ್ಪೂ ಈಗ ಚರಿತ್ರೆಯ ಭಾಗವೋ, ಕಿತ್ತು ಕಂದು ಬಣ್ಣ ತರಬೇಕಾದ ತಪ್ಪೋ? ಮೊದಲ ಪಂಥ ಕಿತ್ತು ಹಾಕಿ ಎನ್ನುತ್ತದೆ, ಎರಡನೆಯದು ಬಿಡಿ ಎನ್ನುತ್ತದೆ. ಇಬ್ಬರ ವಾದವೂ ತಮ್ಮ ತಮ್ಮ ನೆಲೆಯಲ್ಲಿ ಗಟ್ಟಿ.

ಎರಡು, ಎಷ್ಟು ತೆಳುವಾದ ಮೇಲೆ ಉಜ್ಜಬಾರದು ಎಂಬುದನ್ನು ಯಾರು ಅಳೆಯಬೇಕು. ನಳಿಗೆಯ ಗೋಡೆಯ ದಪ್ಪ ಅಳೆಯುವ ಗೇಜು ಮತ್ತು ಅದನ್ನು ಓದಬಲ್ಲ ಕೈ ಎರಡೂ ಇದ್ದರೆ ಮಾತ್ರ ಬಣ್ಣದ ಮಾತು ಸುರಕ್ಷಿತ. ನಮ್ಮ ಸಣ್ಣ ಊರುಗಳಲ್ಲಿ ಆ ಅಳತೆ ತೆಗೆಯದೆಯೇ ಬಫ್ ಚಕ್ರ ತಿರುಗುತ್ತದೆ.

ಮೂರು, ತುಕ್ಕಿನ ಬ್ಲೂಯಿಂಗಿನ ವಿದ್ಯೆಯೇ ಉಳಿಯುವುದೋ ಎಂಬುದು. ಅದಕ್ಕೆ ಬೇಕಾದ ತೇವ ಮಲೆನಾಡಿನಲ್ಲಿ ಪುಕ್ಕಟೆ ಸಿಗುತ್ತದೆ, ಬೇಕಾದ ತಾಳ್ಮೆಗೆ ತಕ್ಕ ಕೂಲಿ ಮಾತ್ರ ಸಿಗುವುದಿಲ್ಲ. ಹಲವು ದಿನದ ಕೆಲಸಕ್ಕೂ ಅರ್ಧ ಗಂಟೆಯ ತೊಟ್ಟಿಗೂ ಒಂದೇ ದರ ಕೊಡುವ ಗಿರಾಕಿ ಇರುವವರೆಗೆ ಅಂಗಡಿಯವನು ತೊಟ್ಟಿಯನ್ನೇ ಆರಿಸುತ್ತಾನೆ. ಅವನನ್ನು ದೂರಿ ಫಲವಿಲ್ಲ.

ಕೊನೆಯದು, ಲೈಸೆನ್ಸ್ ಮುಂದುವರಿಸಲು ಮಕ್ಕಳಿಗೆ ಮನಸ್ಸಿಲ್ಲದ ಮನೆಗಳದು. ಬೆಂಗಳೂರಿನ ಫ್ಲ್ಯಾಟಿನಲ್ಲಿರುವವರಿಗೆ ಅರೇಹಳ್ಳಿಯ ಕೋವಿ ಬೇಡ. ಅದು ಠಾಣೆಗೋ ಅಂಗಡಿಗೋ ಹೋಗುತ್ತದೆ. ಹಾಗೆ ಹೋಗುವ ಮೊದಲು ಅದರ ನಳಿಗೆಯ ಗೆರೆ, ಮುದ್ರೆ, ಉಳಿದ ಬಣ್ಣಗಳ ಫೋಟೊ ತೆಗೆದು, ಯಾವ ಕಾಲದ್ದು, ಯಾರ ಕೆಲಸ ಎಂದು ಬರೆದಿಡುವ ಏರ್ಪಾಡು ಜಿಲ್ಲಾ ಮಟ್ಟದಲ್ಲಿ ಬೇಕೇ, ಬೇಕಿದ್ದರೆ ಅದು ಪುರಾತತ್ವ ಇಲಾಖೆಯ ಕೆಲಸವೋ ಲೈಸೆನ್ಸ್ ಕೊಡುವ ಜಿಲ್ಲಾಧಿಕಾರಿ ಕಚೇರಿಯದೋ? ನೂರು ವರ್ಷ ದಾಟಿದ ವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯಿದೆ ಒಂದು ಕಣ್ಣಿನಿಂದ ನೋಡುತ್ತದೆ, ಶಸ್ತ್ರಾಸ್ತ್ರ ಕಾಯಿದೆ ಇನ್ನೊಂದು ಕಣ್ಣಿನಿಂದ. ಒಂದೇ ಕೋವಿ ಎರಡೂ ಕಾಯಿದೆಗಳ ಕೈಗೆ ಸಿಗುವಾಗ ಅದರ ಮೇಲ್ಮೈಯ ಹೊಣೆ ಯಾರದು ಎಂದು ಎರಡರಲ್ಲೂ ಬರೆದಿಲ್ಲ.